300 ಸಸಿ ನೆಟ್ಟೆವು, 11 ಉಳಿದವು. ನಮ್ಮ ಗುಡ್ಡಕ್ಕೆ ಈಗ ಏನು ಮಾಡೋಣ?

ಹುಣಸೆತೋಪು, ನಾಗಮಂಗಲ ತಾಲ್ಲೂಕು (2025ರ ಮೇ 4)

ಎಲ್ಲರಿಗೂ ನಮಸ್ಕಾರ. ಸೋತ ಕತೆಯೊಂದನ್ನು ಹೇಳಿ ಸಲಹೆ ಕೇಳೋಣ ಅಂತ ಬರೆಯುತ್ತಿದ್ದೇನೆ.

ನಮ್ಮೂರ ಪಕ್ಕ ಒಂದು ಬೋಳು ಗುಡ್ಡ ಇದೆ. 2022ರ ಜೂನ್ 5ರಂದು ಅದರ ಬುಡದ ಎರಡು ಎಕರೆಯಲ್ಲಿ 300 ಸಸಿ ನೆಟ್ಟೆವು. ಹೊಂಗೆ, ಬೇವು, ನೇರಳೆ, ಹುಣಸೆ, ಒಂದಷ್ಟು ಸಿಲ್ವರ್ ಓಕ್. ಊರಿನ ಹೆಂಗಸರು, ಶಾಲೆ ಮಕ್ಕಳು, ಮೈಸೂರಲ್ಲಿ ಕೆಲಸ ಮಾಡುವ ಹುಡುಗರು ಎಲ್ಲ ಬಂದಿದ್ದರು. ಮಧ್ಯಾಹ್ನಕ್ಕೆ ಪುಳಿಯೋಗರೆ, ಮೊಸರನ್ನ. ಆ ದಿನ ನೆನೆದರೆ ಈಗಲೂ ಎದೆ ತುಂಬುತ್ತದೆ.

ಇವತ್ತು ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೋಗಿ ಎಣಿಸಿದೆ. ಹನ್ನೊಂದು. ಮೂರು ಸಲ ಎಣಿಸಿದೆವು, ಹನ್ನೊಂದೇ.

ಒಣಗಿ ನಿಂತಿದ್ದ ಒಂದು ಹೊಂಗೆ ಕಡ್ಡಿಯನ್ನು ಎಳೆದೆ. ಸಲೀಸಾಗಿ ಕೈಗೆ ಬಂತು. ಬುಡದಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಬೇರೆಲ್ಲ ಅದರೊಳಗೇ ಸುತ್ತಿ ಸುತ್ತಿ ಸಿಂಬಿಯ ಹಾಗೆ ಆಗಿತ್ತು. ಚೀಲ ಹರಿಯದೆ ನೆಟ್ಟುಬಿಟ್ಟಿದ್ದೇವೆ. ಇನ್ನೆಷ್ಟನ್ನು ಹಾಗೆ ನೆಟ್ಟಿದ್ದೆವೋ! ಮಗಳು ಅದನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದಳು. ನನಗೆ ಮಾತೇ ಬರಲಿಲ್ಲ.

ಉಳಿದ ಹನ್ನೊಂದರಲ್ಲಿ ಎಂಟು ಕಾರೆ ಮುಳ್ಳಿನ ಪೊದೆಗಳ ಮಗ್ಗುಲಲ್ಲಿವೆ. ಮೂರು ಕೊರಕಲಿನ ಅಂಚಿನಲ್ಲಿವೆ. ಬಯಲಲ್ಲಿ ನೆಟ್ಟದ್ದು ಒಂದೂ ಇಲ್ಲ.

ಈ ವರ್ಷ ಮತ್ತೆ ನೆಡೋಣ ಅಂತ ಹುಡುಗರು ಹೊರಟಿದ್ದಾರೆ. ಈ ಸಲ 500 ಅಂತೆ. ನನಗೆ ಭಯ ಆಗುತ್ತಿದೆ. ಅನುಭವ ಇದ್ದವರು ಬಿಡಿಸಿ ಹೇಳಿ.

ನರ್ಸರಿ ಅಕ್ಕ, ಹುಣಸೂರು (ಮೇ 4)

ತಮ್ಮ, ಓದಿ ಹೊಟ್ಟೆ ಚುರುಕ್ ಅಂತು. ನಾನು ಹದಿನಾಲ್ಕು ವರ್ಷ ಸಸಿ ಬೆಳೆಸುವ ಕೆಲಸ ಮಾಡಿದವಳು. ಲಾರಿ ಹತ್ತಿ ಹೋದ ಸಸಿ ಆಮೇಲೆ ಏನಾಯಿತು ಅಂತ ನಮಗೆ ಯಾರೂ ಬಂದು ಹೇಳುವುದಿಲ್ಲ. ನೀವು ಎಣಿಸಿದ್ದೀರಲ್ಲ, ಅದೇ ದೊಡ್ಡದು.

ಚೀಲದ ವಿಷಯ. ಬ್ಲೇಡಿನಿಂದ ಒಂದು ಮಗ್ಗುಲು ಸೀಳಿ, ಮಣ್ಣಿನ ಹೆಂಟೆ ಒಡೆಯದ ಹಾಗೆ ಚೀಲ ತೆಗೆಯಬೇಕು. ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಆ ಸುರುಳಿಯನ್ನು ಕತ್ತರಿಸಿ ಹಾಕಿ. ಬೇರು ಕಡಿದರೆ ಸಾಯುತ್ತೆ ಅಂತ ಜನ ಹೆದರುತ್ತಾರೆ. ಹಾಗೇ ಬಿಟ್ಟರೆ ಆ ಸುರುಳಿಯೇ ಮುಂದೆ ಗಿಡದ ಕುತ್ತಿಗೆ ಹಿಸುಕುತ್ತದೆ.

ಸಸಿ ಆರಿಸುವಾಗ ಎತ್ತರ ನೋಡಬೇಡಿ, ಕಾಂಡದ ದಪ್ಪ ನೋಡಿ. ನೆರಳಲ್ಲಿ ಒತ್ತೊತ್ತಾಗಿ ಇಟ್ಟ ಸಸಿ ಬೆಳಕಿಗೆ ಎಳೆದುಕೊಂಡು ಉದ್ದ ಹೋಗಿರುತ್ತದೆ. ಅದು ಬಯಲಿಗೆ ಬಂದ ಮೊದಲ ವಾರವೇ ತಲೆ ಬಾಗಿಸುತ್ತದೆ. ನೆಡುವ ಒಂದು ತಿಂಗಳ ಮುಂಚೆ ತಂದು, ಬಿಸಿಲಿಗಿಟ್ಟು, ನೀರು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ಒಗ್ಗಿಸಿ. ಸಣ್ಣ ಚೀಲದ 500 ಸಸಿಗಿಂತ 8×12 ಇಂಚಿನ ಚೀಲದ 60 ಸಸಿ ತಗೊಳ್ಳಿ. ಇದು ನನ್ನ ಕೈಯ ಅನುಭವ.

ಕೃತ್ತಿಕೆ ಮಳೆ, ಕೆ.ಆರ್. ಪೇಟೆ (ಮೇ 5)

ಚೀಲ, ಸಸಿ ಎಲ್ಲ ಸರಿ. ನೀವು ನೆಟ್ಟ ದಿನವನ್ನು ಯಾರೂ ಕೇಳಲಿಲ್ಲವಲ್ಲ.

ಜೂನ್ 5, ವಿಶ್ವ ಪರಿಸರ ದಿನ, ಕ್ಯಾಲೆಂಡರಿನ ದಿನ. ಜುಲೈ ಮೊದಲ ವಾರದ ವನಮಹೋತ್ಸವವೂ 1950ರಲ್ಲಿ ಇಡೀ ದೇಶಕ್ಕೆ ಒಂದೇ ಅಂತ ಶುರುವಾದದ್ದು. ನಮ್ಮ ಸೀಮೆಯ ಮಳೆ ಬೇರೆ. ಮಲೆನಾಡಿಗೆ ಆರಿದ್ರಾ, ಪುನರ್ವಸು (ಜೂನ್ ಕೊನೆ, ಜುಲೈ) ಎಂದರೆ ಬಿಡದ ಮಳೆ. ನಮಗೆ ಅದು ಬರೀ ಗಾಳಿ, ಮೋಡ, ಹನಿ. ಭರಣಿ, ಕೃತ್ತಿಕೆಯಲ್ಲಿ (ಏಪ್ರಿಲ್ ಕೊನೆ, ಮೇ) ಒಂದಷ್ಟು ಬೀಳುತ್ತದೆ. ಆಮೇಲೆ ನಡುವೆ ಬಿಡುವು. ನೆಲ ತಣಿಯುವ ಮಳೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಯಲ್ಲಿ. ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಜೂನ್ 5ಕ್ಕೆ ನೆಟ್ಟ ಎಳೆ ಸಸಿ ಎರಡು ತಿಂಗಳು ಒಣಗಾಳಿಗೆ ಮೈಯೊಡ್ಡಿ ನಿಲ್ಲಬೇಕು. ರಾಗಿ ಬಿತ್ತುವವನು ಮಳೆ ನೋಡಿ ಬಿತ್ತುತ್ತಾನೆ. ಗಿಡ ನೆಡುವಾಗ ಮಾತ್ರ ನಾವು ತಾರೀಖು ನೋಡುತ್ತೇವೆ. ಇದು ನನಗೆ ಯಾವತ್ತೂ ಅರ್ಥ ಆಗಿಲ್ಲ.

ಈಗ ಗುಂಡಿ ತೆಗೆಯಿರಿ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಮಣ್ಣು ಬಿಸಿಲು ಕಾಯಲಿ. ಈ ಮಳೆಗಳ ನೀರು ಗುಂಡಿಗೆ ಇಳಿಯಲಿ. ಉತ್ತರೆಗೆ ನೆಡಿ.

ಬನ್ನೂರು ಬಯಲು (ಮೇ 5)

ದೊಡ್ಡವರೇ, ನಿಮ್ಮ ಮಾತನ್ನು ಗೌರವದಿಂದಲೇ ಒಪ್ಪದೆ ಇದ್ದೇನೆ. ನಾನು ಸೆಪ್ಟೆಂಬರ್‌ನಲ್ಲಿ ನೆಟ್ಟು ಕೈ ಸುಟ್ಟುಕೊಂಡವನು. ಮೊದಲೆರಡು ತಿಂಗಳು ಸೊಗಸಾಗಿ ಚಿಗುರಿತು. ಸಂಕ್ರಾಂತಿ ಹೊತ್ತಿಗೆ ನೆಲ ಒಣಗಿತು. ಬೇರು ಇನ್ನೂ ಮೇಲೇ ಇತ್ತು. ಶಿವರಾತ್ರಿಗೆ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಜೂನ್‌ನಲ್ಲಿ ನೆಟ್ಟು, ಜುಲೈ ಆಗಸ್ಟ್‌ನಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಿದರೆ, ದೊಡ್ಡ ಮಳೆ ಬರುವ ಹೊತ್ತಿಗೆ ಬೇರು ಕೆಳಗಿಳಿದಿರುತ್ತದೆ. ಮೂರು ನಾಲ್ಕು ತಿಂಗಳು ಲಾಭ ಅಲ್ವಾ?

ಕೃತ್ತಿಕೆ ಮಳೆ, ಕೆ.ಆರ್. ಪೇಟೆ (ಮೇ 5)

ನೀರು ಹೊರುವವರು ಇದ್ದರೆ ನಿಮ್ಮದೇ ಸರಿ. ಗುಡ್ಡದ ಬುಡಕ್ಕೆ ಎರಡು ತಿಂಗಳು ಯಾರು ಹೊರುತ್ತಾರೆ ಅನ್ನುವುದನ್ನು ಮೊದಲು ಕೇಳಿಕೊಳ್ಳಬೇಕು. ಹೇಗೂ ಮೊದಲ ಬೇಸಿಗೆಗೆ ನೀರು ಕೊಡಲೇಬೇಕು, ಯಾವಾಗ ನೆಟ್ಟರೂ. ಹುಲಿಕಲ್ಲಿನ ತಿಮ್ಮಕ್ಕ ಮತ್ತು ಅವರ ಯಜಮಾನರು ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದಕ್ಕೇ ಅಷ್ಟು ಆಲದ ಮರಗಳು ಉಳಿದದ್ದು. ನಾವು ಅವರು ನೆಟ್ಟದ್ದನ್ನು ಹೇಳುತ್ತೇವೆ, ಹೊತ್ತದ್ದನ್ನು ಮರೆಯುತ್ತೇವೆ.

ಹೊಸ ಸದಸ್ಯ, ಪಾಂಡವಪುರ (ಮೇ 5)

ನೀಲಗಿರಿ ಹಾಕಿ ನೋಡಿ. ಮೂರು ವರ್ಷಕ್ಕೆ ಗುಡ್ಡ ಹಸಿರಾಗುತ್ತೆ. ದನ ಮೇಕೆನೂ ಮುಟ್ಟಲ್ಲ.

ನರ್ಸರಿ ಅಕ್ಕ, ಹುಣಸೂರು (ಮೇ 5)

ಬೇಡಪ್ಪ. ನೀಲಗಿರಿ ಹೊಸದಾಗಿ ನೆಡುವುದನ್ನು ಸರ್ಕಾರವೇ 2017ರಲ್ಲಿ ನಿಲ್ಲಿಸಿದೆ. ಟಿಪ್ಪು ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿ ಬೆಟ್ಟದ ತೋಟಕ್ಕೆ ಬಂದ ಮರ ಅದು. ತೋಟದಲ್ಲಿ ನಾಲ್ಕು ಇದ್ದರೆ ಚೆಂದ. ಗುಡ್ಡ ತುಂಬಾ ಹಾಕಿದರೆ ಕೆಳಗೆ ಹುಲ್ಲೂ ಸರಿಯಾಗಿ ಬರುವುದಿಲ್ಲ, ಹಕ್ಕಿ ತಿನ್ನುವ ಹಣ್ಣೂ ಇಲ್ಲ.

ಕುರಿಮಂದೆ, ಮಳವಳ್ಳಿ (ಮೇ 6)

ಅಣ್ಣ, ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಎರಡು ಎಕರೆ ನೀವು ನೆಡುವ ಮುಂಚೆ ಏನಾಗಿತ್ತು? "ಬೋಳು ಗುಡ್ಡ" ಅಂದಿರಿ. ನಮ್ಮ ಕಣ್ಣಿಗೆ ಅದು ಬೋಳಲ್ಲ, ಹುಲ್ಲು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಬಂಡೂರು ಕುರಿ ಸಾಕುತ್ತೇವೆ. ಗೋಮಾಳ ಇದ್ದರೆ ಕುರಿ, ಕುರಿ ಇದ್ದರೆ ನಾವು. ಸಸಿ ನೆಡುವವರು ಬಂದಾಗಲೆಲ್ಲ ಮೊದಲು ಬೇಲಿ ಬೀಳುವುದು ನಮ್ಮ ದಾರಿಗೆ. ಸಸಿ ಸತ್ತರೆ ಬೈಗುಳವೂ ನಮಗೇ.

ಹುಲ್ಲುಗಾವಲೂ ಒಂದು ಕಾಡೇ. ಮೇಲುಕೋಟೆ ವನ್ಯಧಾಮ ಮಾಡಿದ್ದೇ ತೋಳಕ್ಕಾಗಿ. ತೋಳಕ್ಕೆ ಬೇಕಾದದ್ದು ಕುರುಚಲು, ಬಂಡೆ, ಬಯಲು. ಗೌಜಲಹಕ್ಕಿ ಮೊಟ್ಟೆ ಇಡುವುದು ಹುಲ್ಲಿನ ಬುಡದಲ್ಲಿ. ಅಲ್ಲೆಲ್ಲ ಒತ್ತಾಗಿ ಮರ ಹಾಕಿದರೆ ಅವು ಎಲ್ಲಿಗೆ ಹೋಗಬೇಕು?

ನಮ್ಮ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುವವರೇ. ಕುಂದಿನಿ ಬೆಟ್ಟದಲ್ಲಿ ಕುರಿ ಮೇಯಿಸಿಕೊಂಡೇ ಒಂದೊಂದಾಗಿ ಕಟ್ಟೆ ತೋಡಿಸಿದರು. ಪ್ರಾಣಿ ಪಕ್ಷಿಗೆ ನೀರು ಸಿಗಲಿ ಅನ್ನುವುದು ಅವರ ಆಸೆ. ಆಮೇಲೆ ಗಿಡ ನೆಟ್ಟರು. 2020ರ ಜೂನ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದಾಗ ನಮ್ಮ ಅಪ್ಪ ಕಣ್ಣೀರು ಹಾಕಿದರು. 2022ರಲ್ಲಿ ಅವರು ಹೋದರು. ನೋಡಿ, ಅವರು ಮೊದಲು ಮಾಡಿದ್ದು ನೀರಿನ ಕೆಲಸ.

ಕುರಿಯವರನ್ನು ಕೂರಿಸಿಕೊಂಡು ಮಾತಾಡಿ ಅಣ್ಣ. ಯಾವ ಜಾಗ ಮೂರು ವರ್ಷ ಬಿಡಬೇಕು, ಯಾವುದು ಮೇವಿಗೆ ಅಂತ ಅವರೇ ತೋರಿಸುತ್ತಾರೆ. ಮಾತು ಕೊಟ್ಟರೆ ಕಾಯುತ್ತಾರೆ ಕೂಡ. ದಿನಾ ಗುಡ್ಡದಲ್ಲಿ ಇರುವವರು ಅವರೇ ತಾನೇ?

ಹುಣಸೆತೋಪು, ನಾಗಮಂಗಲ ತಾಲ್ಲೂಕು (ಮೇ 6)

ತಮ್ಮ, ಇದನ್ನು ಎರಡು ಸಲ ಓದಿದೆ. ನಾವು ಅವತ್ತು ಕುರಿಯವರನ್ನು ಊಟಕ್ಕೆ ಕರೆದಿದ್ದೆವು. ಮಾತಿಗೆ ಕರೆದಿರಲಿಲ್ಲ. ತಪ್ಪಾಯಿತು.

ಲೆಕ್ಕದ ಮೇಷ್ಟ್ರು, ಮೈಸೂರು (ಮೇ 7)

ಹವಾಮಾನ ಬದಲಾವಣೆ ಅನ್ನುವ ಮಾತು ಈ ನಡುವೆ ಎಲ್ಲರ ಬಾಯಲ್ಲೂ ಇದೆ. ಹಾಗಾಗಿ ಸಣ್ಣ ಲೆಕ್ಕ ಒಂದನ್ನು ಇಡುತ್ತೇನೆ.

ಮರದ ಒಣ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಬೇರೂ ಸೇರಿ 500 ಕೆ.ಜಿ. ಒಣ ತೂಕದ ಒಂದು ಮರ ಎಂದುಕೊಳ್ಳಿ. ಅದರಲ್ಲಿ 250 ಕೆ.ಜಿ. ಇಂಗಾಲ. ಅಷ್ಟು ಇಂಗಾಲ ಮೈಗೂಡಿಸಿಕೊಳ್ಳಲು ಅದು ಗಾಳಿಯಿಂದ 900 ಕೆ.ಜಿ.ಗೂ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಎಳೆದುಕೊಂಡಿರುತ್ತದೆ. ಇನ್ನೊಂದು ಕಡೆ, ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಹೊರಬರುತ್ತದೆ. ಅಂದರೆ ವರ್ಷಗಟ್ಟಲೆ ಬೆಳೆದ ಆ ಮರ ಸುಮಾರು 400 ಲೀಟರ್ ಪೆಟ್ರೋಲಿಗೆ ಸಮ. ದಿನಕ್ಕೆ 30 ಕಿ.ಮೀ. ಬೈಕ್ ಓಡಿಸುವವನು ಎರಡು ವರ್ಷದೊಳಗೆ ಅಷ್ಟನ್ನು ಸುಡುತ್ತಾನೆ. ಸಸಿ ಎರಡನೇ ಬೇಸಿಗೆಗೆ ಸತ್ತರೆ ಲೆಕ್ಕಕ್ಕೆ ಏನೂ ಸಿಗುವುದಿಲ್ಲ.

ಇದರಿಂದ ಎರಡು ವಿಷಯ ನನಗೆ ಕಾಣುತ್ತದೆ. ಗಿಡ ನೆಟ್ಟಿದ್ದೇವಲ್ಲ ಅಂತ ಪೆಟ್ರೋಲ್ ಸುಡುತ್ತಲೇ ಇರೋಣ ಅಂದರೆ ಆಗುವುದಿಲ್ಲ. ಮತ್ತು ನೆಡುವ ದಿನದ ಸಂಖ್ಯೆಗೆ ಬೆಲೆ ಇಲ್ಲ, ಮೂರನೇ ಬೇಸಿಗೆ ದಾಟಿದ ಸಂಖ್ಯೆಗೆ ಬೆಲೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನನಗೆ ಹಿಡಿಸಿದ್ದೇ ಇದು. ರೈತರ ಜಮೀನಿನಲ್ಲಿ ಬದುಕಿರುವ ಸಸಿಗೆ ಮಾತ್ರ ಹಣ. ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ನಿಮ್ಮ ಗುಡ್ಡಕ್ಕೆ ಅದು ಬರುವುದಿಲ್ಲ, ಆದರೆ ಸುತ್ತಲ ಹೊಲಗಳ ಬದುಗಳಿಗೆ ಬರುತ್ತದೆ. ಬದುವಿನ ಮೇಲಿನ ಗಿಡಕ್ಕೆ ಯಜಮಾನ ಇರುತ್ತಾನೆ. ಬೆಳೆಗೆ ಹಾಯಿಸುವ ನೀರು, ಕಣ್ಣು ಎರಡೂ ಅದಕ್ಕೂ ಸಿಗುತ್ತದೆ.

ಇನ್ನು ನೀರಿನ ಲೆಕ್ಕ. ಒಂದು ಎಕರೆ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್. ಐದು ಸಾವಿರ ಲೀಟರಿನ 20 ಟ್ಯಾಂಕರ್! ಒಂದು ಒಳ್ಳೆ ಸಂಜೆ ಮಳೆ ಅಷ್ಟೇ. ಗಟ್ಟಿಯಾದ ಇಳಿಜಾರಿನಲ್ಲಿ ಅದರಲ್ಲಿ ಬಹುಪಾಲು ಮಣ್ಣನ್ನೂ ಎಳೆದುಕೊಂಡು ಕೊರಕಲಿಗೆ ಹೋಗುತ್ತದೆ. ನಿಮ್ಮ ಮೂರು ಗಿಡ ಕೊರಕಲಿನ ಅಂಚಿನಲ್ಲಿ ಉಳಿದದ್ದು ಅದಕ್ಕೇ. ಇಳಿಜಾರಿಗೆ ಅಡ್ಡವಾಗಿ ಕಂದಕ ತೋಡಿ ಆ ನೀರನ್ನು ಮೇಲೇ ನಿಲ್ಲಿಸಿದರೆ ಗುಡ್ಡಕ್ಕೆ ಅರ್ಧ ಜೀವ ಬಂದ ಹಾಗೆ.

ಕಾರೆ ಪೊದೆಯ ಎಂಟು ಗಿಡ ಹೇಳುವುದು ಇನ್ನೊಂದು. ಪೊದೆ ನೆರಳು ಕೊಟ್ಟಿದೆ, ಮೇಕೆ ಬಾಯಿಂದ ಕಾದಿದೆ. ನೆಡುವ ಮುಂಚೆ "ಕ್ಲೀನ್" ಮಾಡುತ್ತೇವೆ ಅಂತ ಪೊದೆ ಕಡಿಯಬೇಡಿ. ನೆಲದೊಳಗೆ ಹಳೇ ಬೇರುಗಳೂ ಇರುತ್ತವೆ. ಮುತ್ತುಗ, ಬೇವು ಕಡಿದರೂ ಬುಡದಿಂದ ಚಿಗುರುತ್ತವೆ. ಆಫ್ರಿಕಾದ ನೈಜರ್‌ನಲ್ಲಿ ರೈತರು ಹೊಲದಲ್ಲಿ ತಾನಾಗಿ ಚಿಗುರಿದ ಬುಡಗಳನ್ನು ಕಾಯ್ದುಕೊಂಡೇ ಸುಮಾರು 50 ಲಕ್ಷ ಹೆಕ್ಟೇರಿಗೆ ಮರ ತಂದಿದ್ದಾರೆ. ಬಹುತೇಕ ಒಂದು ಸಸಿಯನ್ನೂ ಕೊಳ್ಳದೆ.

ಕುಕ್ಕರಹಳ್ಳಿ ನಡಿಗೆ, ಮೈಸೂರು (ಮೇ 7)

ಮೇಷ್ಟ್ರೇ, ನಿಮ್ಮ ಲೆಕ್ಕ ಓದಿ ನನಗೆ ಕಳೆದ ತಿಂಗಳು ಕಣ್ಣ ಮುಂದೆ ಬಂತು. ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡಲು 40 ಮರ ಕಡಿದರು. ನಾನು ಮಾರನೇ ದಿನ ಹೋಗಿದ್ದೆ. ಕೊರಡಿನ ಮೇಲೆ ಅಂಟು ಇನ್ನೂ ಹಸಿಯಾಗಿತ್ತು. ಒಂದು ಹೂವಿನ ಅಜ್ಜಿ ಎಂದಿನ ಜಾಗದಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದರು, ತಲೆ ಮೇಲೆ ಸೆರಗು ಹೊದ್ದು. ಮೊದಲು ಅಲ್ಲಿ ನೆರಳಿತ್ತು.

ಅದಕ್ಕೆ ಬದಲಾಗಿ ಎಷ್ಟು ಸಸಿ ನೆಟ್ಟರೂ ಆ ಅಜ್ಜಿಗೆ ನೆರಳು ಬರಲು ಇಪ್ಪತ್ತು ವರ್ಷ ಬೇಕು. ಹೊಸದನ್ನು ನೆಡುವುದರ ಮಾತು ಬರುವ ಕಡೆಯೆಲ್ಲ ನಾನು ಇದನ್ನೇ ಹೇಳುತ್ತೇನೆ. ಇರುವ ದೊಡ್ಡ ಮರ ಉಳಿಸುವುದೇ ಮೊದಲ ಕೆಲಸ. ಚಾಮುಂಡಿ ಬೆಟ್ಟದ ರಸ್ತೆ 2021ರಲ್ಲಿ ನಂದಿಯ ಹತ್ತಿರ ಕುಸಿದದ್ದು ನೆನಪಿದೆ ಅಲ್ವಾ? ಇಳಿಜಾರಿನ ಮಣ್ಣು ಹಿಡಿಯಲು ಬೇರು ಬೇಕು, ನೀರು ಹರಿದುಹೋಗಲು ದಾರಿಯೂ ಬೇಕು.

ನಾಲೆ ಬದಿ, ಮಂಡ್ಯ (ಮೇ 9)

ಎಲ್ಲರೂ ಗುಡ್ಡದ ಬಗ್ಗೆ ಬರೆದಿದ್ದೀರಿ. ನೀರು ಜಾಸ್ತಿಯಾಗಿ ಕೆಟ್ಟ ನೆಲದ ಕತೆಯನ್ನೂ ಕೇಳಿ. ವಿಶ್ವೇಶ್ವರಯ್ಯ ನಾಲೆಯ ಕೊನೆ ಕಡೆ ನಮ್ಮದು ಒಂದೂವರೆ ಎಕರೆ ತಗ್ಗು ಗದ್ದೆ. ಭತ್ತ, ಕಬ್ಬು, ಮತ್ತೆ ಭತ್ತ. ಬಸಿದು ಹೋಗಲು ದಾರಿ ಇಲ್ಲದೆ ನೀರು ನಿಂತು ನಿಂತು ನೆಲ ಚೌಳಾಯಿತು. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಭತ್ತದ ಪೈರು ತುದಿಯಿಂದ ಸುಟ್ಟುಕೊಂಡು ಬರುತ್ತಿತ್ತು.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿಗೆ ಹೋಗಿ ಕೇಳಿದೆವು. ಮೊದಲು ಬಸಿಗಾಲುವೆ, ಆಮೇಲೆ ಉಳಿದದ್ದು ಅಂದರು. ಪಕ್ಕದ ಇಬ್ಬರನ್ನು ಒಪ್ಪಿಸಿ ಮೂರೂ ಜನ ಸೇರಿ ಬಸಿಗಾಲುವೆ ತೆಗೆದೆವು. ಮಣ್ಣು ಪರೀಕ್ಷೆ ಮಾಡಿಸಿ ಜಿಪ್ಸಂ ಹಾಕಿದೆವು. ಹಸಿರೆಲೆ ಗೊಬ್ಬರದ ಗಿಡ ಡಯಾಂಚ ಬಿತ್ತಿ ಹೂವಿಗೆ ಬರುವ ಮುಂಚೆ ಉತ್ತು ಸೇರಿಸಿದೆವು. ಕಾಲುವೆ ಬದಿಗೆ ಹೊಂಗೆ ಸಾಲು. ಹೊಂಗೆ ಚೌಳು ತಡೆಯುತ್ತದೆ. ಹಳಬರು ಹೊಂಗೆ ಸೊಪ್ಪು ಕಡಿದು ಕೆಸರುಗದ್ದೆಗೆ ತುಳಿಸುತ್ತಿದ್ದರಲ್ಲ, ಅದನ್ನು ಮತ್ತೆ ಶುರು ಮಾಡಿದ್ದೇವೆ. ನಾಲ್ಕನೇ ವರ್ಷ ಈಗ. ಬಿಳಿ ಪೊರೆ ಒಂದು ಮೂಲೆಯಲ್ಲಿ ಮಾತ್ರ ಉಳಿದಿದೆ. ಎರೆಹುಳು ಬಂದಿದೆ.

ಇನ್ನೊಂದು ವಿಷಯ. ಕಬ್ಬಿನ ತರಗಿಗೆ ಬೆಂಕಿ ಇಡುವವರು ದಯವಿಟ್ಟು ನಿಲ್ಲಿಸಿ. ಹುಣಸೆತೋಪು ಅಣ್ಣ, ನಿಮ್ಮ ಗಿಡದ ಬುಡಕ್ಕೆ ಒಂದು ಗೇಣು ದಪ್ಪ ತರಗು ಹೊದಿಸಿದರೆ ನೀರಿನ ಕೆಲಸ ಅರ್ಧ ಕಡಿಮೆ ಆಗುತ್ತದೆ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಬರುತ್ತೆ. ಒಂದು ಟ್ರ್ಯಾಕ್ಟರ್ ತರಗು ನಾನೇ ಕಳಿಸುತ್ತೇನೆ. ಡೀಸೆಲ್ ಖರ್ಚು ನನ್ನದು.

ಹುಣಸೆತೋಪು, ನಾಗಮಂಗಲ ತಾಲ್ಲೂಕು (ಮೇ 19)

ನಿನ್ನೆ ಸಂಜೆ ಮಾರಿಗುಡಿ ಮುಂದೆ ಕೂತು ಮಾತಾಡಿದೆವು. ಕುರಿಯವರು ನಾಲ್ಕು ಮನೆಯವರೂ ಬಂದಿದ್ದರು. 500 ಸಸಿಯ ಮಾತು ಬಿಟ್ಟೆವು. ಹುಡುಗರಿಗೆ ಮೊದಲು ಬೇಸರವಾಯಿತು. ಆ ಒಣಗಿದ ಬೇರನ್ನು ಮಗಳು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಕೈಯಿಂದ ಕೈಗೆ ಕೊಟ್ಟು ನೋಡಿದರು. ಆಮೇಲೆ ಯಾರೂ ವಾದ ಮಾಡಲಿಲ್ಲ.

ಕೊರಕಲಿನ ಮೇಲ್ಭಾಗದ ಅರ್ಧ ಎಕರೆಯನ್ನು ಮೂರು ವರ್ಷ ಬಿಟ್ಟುಕೊಡುತ್ತೇವೆ ಅಂತ ಕುರಿಯವರೇ ಹೇಳಿದರು. ಅಲ್ಲಿ ಹುಲ್ಲನ್ನು ಕುಯ್ದು ಒಯ್ಯಬಹುದು, ಮೇಯಿಸುವ ಹಾಗಿಲ್ಲ. ಉಳಿದ ಒಂದೂವರೆ ಎಕರೆ ಮೇವಿಗೇ ಇರಲಿ. ಗಾರೆ ಕೆಲಸ ಮಾಡುವ ನಮ್ಮ ಭಾವ ಲೆವೆಲ್ ಪೈಪು ತರುತ್ತಾರೆ. ಪೈಪಿನ ಎರಡು ತುದಿಯಲ್ಲಿ ನೀರು ಸಮ ನಿಂತ ಕಡೆ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಕಂದಕ.

ಬನ್ನೂರು ಬಯಲು (ಮೇ 19)

ಕಂದಕದ ಮಣ್ಣನ್ನು ಕೆಳಗಿನ ಬದಿಗೇ ಹಾಕಿ. ಮೇಲಿನ ಬದಿಗೆ ಹಾಕಿದರೆ ಮೊದಲ ಮಳೆಗೇ ವಾಪಸ್ ತುಂಬಿಕೊಳ್ಳುತ್ತದೆ. ನಾನು ಆ ತಪ್ಪು ಮಾಡಿದ್ದೇನೆ.

ಹುಣಸೆತೋಪು, ನಾಗಮಂಗಲ ತಾಲ್ಲೂಕು (ಅಕ್ಟೋಬರ್ 12)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೇ ಕೊನೆಯಲ್ಲಿ ಆರು ಕಂದಕ ತೋಡಿದೆವು. ಜೂನ್ ಕೊನೆಗೆ ಕೆ.ಆರ್.ಎಸ್. ಅಣೆಕಟ್ಟು 124.80 ಅಡಿ ತುಂಬಿತು ಅಂತ ಎಲ್ಲರೂ ಸಂಭ್ರಮಿಸುವಾಗ ನಮ್ಮ ಗುಡ್ಡದಲ್ಲಿ ಬರೀ ಗಾಳಿ. ಕೃತ್ತಿಕೆ ಮಳೆ ಅಪ್ಪಾಜಿ ಹೇಳಿದ್ದು ಅಕ್ಷರಶಃ ನಿಜ. ನಾಲೆ ತುಂಬಿದರೂ ಗುಡ್ಡಕ್ಕೆ ಅದರದೇ ಮಳೆ ಬರಬೇಕು. ಕಾದೆವು.

ಉತ್ತರೆಯಲ್ಲಿ ಬಂತು. ರಾತ್ರಿಯೆಲ್ಲ ಸುರಿಯಿತು. ಬೆಳಿಗ್ಗೆ ಆರಕ್ಕೆ ಓಡಿಹೋಗಿ ನೋಡಿದರೆ ಮೇಲಿನ ನಾಲ್ಕು ಕಂದಕ ಕೆಂಪು ನೀರಿನಿಂದ ತುಂಬಿ ನಿಂತಿದ್ದವು. ಕೊರಕಲಿನಲ್ಲಿ ಎಂದಿನ ಭೋರ್ಗರೆತ ಇಲ್ಲ, ಸಣ್ಣಗೆ ಹರಿಯುತ್ತಿತ್ತು. ಕುರಿ ಕಾಯುವ ಅಜ್ಜ ಒಬ್ಬರು ಕಂದಕದ ಪಕ್ಕ ಕುಕ್ಕರುಗಾಲಲ್ಲಿ ಕೂತು ನೀರಿಗೆ ಕೈ ಅದ್ದಿ ಸುಮ್ನೆ ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ.

60 ಸಸಿ ನೆಟ್ಟಿದ್ದೇವೆ. ಹೊಂಗೆ, ಬೇವು, ಹುಣಸೆ, ನೇರಳೆ, ಹಿಪ್ಪೆ. ಎಲ್ಲ ದೊಡ್ಡ ಚೀಲದವು. ಚೀಲ ತೆಗೆಯುವ ಕೆಲಸ ಮಗಳದೇ. 60 ಖಾಲಿ ಚೀಲ ಎಣಿಸಿ ಒಪ್ಪಿಸಿದಳು. ಅರ್ಧದಷ್ಟನ್ನು ಕಾರೆ ಪೊದೆಗಳ ಮಗ್ಗುಲಿಗೇ ಹಾಕಿದ್ದೇವೆ. ಬುಡಕ್ಕೊಂದು ಮಡಕೆ ಹೂತಿದ್ದೇವೆ, ವಾರಕ್ಕೆ ಒಂದು ಸಲ ತುಂಬಿದರೆ ಸಾಕು. ಡಿಸೆಂಬರ್‌ನಿಂದ ನೀರಿನ ಪಾಳಿ, ಮನೆಗೆ ಎರಡು ಗಿಡದ ಹಾಗೆ 30 ಮನೆ. ಮಂಡ್ಯದ ತರಗು ಬಂತು ಅಣ್ಣ, ತುಂಬಾ ಉಪಕಾರವಾಯಿತು.

ಇನ್ನೊಂದು ಸಂಗತಿ. ಕಾಯ್ದ ಅರ್ಧ ಎಕರೆಯಲ್ಲಿ ನಾವು ನೆಡದ ಗಿಡಗಳು ಬಂದಿವೆ. ತಂಗಡಿ, ಮುತ್ತುಗದ ಚಿಗುರು, ಮಂಡಿ ಎತ್ತರದ ಹುಲ್ಲು. ಮೊನ್ನೆ ಹುಲ್ಲು ಕುಯ್ಯುವಾಗ ಗೌಜಲಹಕ್ಕಿ ಕಾಲ ಬುಡದಿಂದಲೇ ಹಾರಿತು.

ನರ್ಸರಿ ಅಕ್ಕ, ಬರುವ ಭಾನುವಾರ ಒಂದು ಸಲ ಬಂದು ನೋಡುತ್ತೀರಾ? ಏಳೆಂಟು ಗಿಡದ ಎಲೆ ಹಳದಿಯಾಗುತ್ತಿದೆ. ಬಸ್ ಸ್ಟ್ಯಾಂಡಿನಿಂದ ನಾನೇ ಕರೆದುಕೊಂಡು ಹೋಗುತ್ತೇನೆ.

ನರ್ಸರಿ ಅಕ್ಕ, ಹುಣಸೂರು (ಅಕ್ಟೋಬರ್ 12)

ಬರುತ್ತೇನೆ ತಮ್ಮ. ಹಳದಿಯಾದ ಗಿಡಗಳ ಬುಡದಲ್ಲಿ ನೀರು ನಿಂತಿದೆಯಾ ನೋಡಿ, ನಿಂತಿದ್ದರೆ ಇವತ್ತೇ ಒಂದು ಕಡೆ ಬಿಡಿಸಿ. ನನ್ನ ಹಿತ್ತಲಲ್ಲಿ ಗೋಣಿ ಮರದ ಎರಡು ಸಸಿ ಇವೆ, ದೊಡ್ಡ ಚೀಲಕ್ಕೆ ಹಾಕಿ ಒಂದು ವರ್ಷವಾಯಿತು. ಅವನ್ನೂ ತರುತ್ತೇನೆ. ಕೊರಕಲಿನ ಹತ್ತಿರ ಎರಡು ಗುಂಡಿ ತೆಗೆದಿಡಿ.